ಆಯಿಲ್ ಡಬ್ಬಿ: ಮುಂದೆ ಹೆಸರು, ಹಿಂದೆ ವಿಷಯ

ಹೋದ ಸಂಚಿಕೆಯಲ್ಲಿ ಎಂಜಿನ್ ಆಯಿಲ್ ಬದಲಿಸುವ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಯಾವ ಬ್ರಾಂಡ್ ಹಾಕಬೇಕು ಎಂದು ಮಾತ್ರ ಹೇಳಿರಲಿಲ್ಲ. ಅದೇ ತಪ್ಪಾಯಿತು. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದರದ್ದೇ. ಆ ಕಂಪನಿಯದು ಹಾಕಬಾರದಂತೆ, ಈ ಕಂಪನಿಯದು ಹಾಕಿದರೆ ಎಂಜಿನ್ ಹೋಗುತ್ತಂತೆ, ಇನ್ನೊಂದು ಬರೀ ಹೆಸರಂತೆ. ಒಂದೊಂದು ಪತ್ರದಲ್ಲೂ ನಾಲ್ಕೈದು 'ಅಂತೆ'. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ನಾವು. ಆ ಗುಂಪಿನಲ್ಲಿ ನಾನೂ ಇದ್ದೆ.

ಬರೆಯಲು ಕೂರುವ ಮೊದಲು 30 ವರ್ಷ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡವನು ನಾನು. ಯಾವ ಆಯಿಲ್ ಕಂಪನಿಯ ಋಣವೂ ನನ್ನ ಮೇಲಿಲ್ಲ. ಒಬ್ಬರು ಕೊಟ್ಟ ಟೋಪಿ ಒಂದಿತ್ತು, ಅದೂ ಹರಿದು ಹೋಯಿತು.

ಪ್ರಶ್ನೆ: ಸರ್, ಪೆನ್‌ಜಾಯಿಲ್, ಕ್ವೇಕರ್ ಸ್ಟೇಟ್ ಆಯಿಲ್‌ಗಳಲ್ಲಿ ಮೇಣ ಇರುತ್ತದೆ, ಅದು ಎಂಜಿನ್ ಒಳಗೆ ಗಟ್ಟಿಯಾಗಿ ಕೂರುತ್ತದೆ ಎಂದು ನಮ್ಮ ಮೆಕ್ಯಾನಿಕ್ ಹೇಳುತ್ತಾರೆ. ಅವರು ಬಿಚ್ಚಿದ ಎಂಜಿನ್‌ನಲ್ಲಿ ಕಣ್ಣಾರೆ ನೋಡಿದ್ದಾರಂತೆ. ನಂಬಬಹುದಾ?
– ಮೇಣಕ್ಕೆ ಹೆದರಿದವ

ನಿಮ್ಮ ಮೆಕ್ಯಾನಿಕ್ ನೋಡಿದ್ದು ಸುಳ್ಳಲ್ಲ. ನೋಡಿದ್ದಕ್ಕೆ ಇಟ್ಟ ಹೆಸರು ಸುಳ್ಳು.

ಮೊದಲು ಕಥೆಯ ಬೇರು ಹೇಳುತ್ತೇನೆ. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಟೈಟಸ್‌ವಿಲ್‌ನಲ್ಲಿ ಎಡ್ವಿನ್ ಡ್ರೇಕ್ ಎಂಬಾತ ಭೂಮಿ ಕೊರೆದು ಎಣ್ಣೆ ತೆಗೆದ. ಆ ಸೀಮೆಯ ಕಚ್ಚಾ ಎಣ್ಣೆಯಲ್ಲಿ ಪ್ಯಾರಾಫಿನ್ ಜಾಸ್ತಿ. ಆಯಿಲ್ ಮಾಡುವವರಿಗೆ ಅದು ವರ. ಯಾಕೆಂದರೆ ಪ್ಯಾರಾಫಿನ್ ಜಾತಿಯ ಎಣ್ಣೆ ಬಿಸಿಯಾದಾಗ ಬೇರೆ ಎಣ್ಣೆಗಳಷ್ಟು ತೆಳ್ಳಗಾಗುವುದಿಲ್ಲ. ಪೆನ್‌ಜಾಯಿಲ್, ಕ್ವೇಕರ್ ಸ್ಟೇಟ್ ಎರಡೂ ಆ ಸೀಮೆಯಿಂದಲೇ ಬಂದ ಹೆಸರುಗಳು. 'ನಮ್ಮದು ಪೆನ್ಸಿಲ್ವೇನಿಯಾ ಎಣ್ಣೆ' ಎನ್ನುವುದೇ ಅವರ ಹೆಮ್ಮೆಯಾಗಿತ್ತು.

ಎಡವಟ್ಟಾಗಿದ್ದು ಪದದಲ್ಲಿ. ರಸಾಯನದವರಿಗೆ ಪ್ಯಾರಾಫಿನ್ ಎಂದರೆ ಸರಪಳಿಯಂತೆ ಜೋಡಿಸಿಕೊಂಡ ಒಂದು ಜಾತಿಯ ಹೈಡ್ರೋಕಾರ್ಬನ್. ನಮಗೆ ಪ್ಯಾರಾಫಿನ್ ಎಂದರೆ ಮೇಣದ ಬತ್ತಿ. ಎರಡೂ ಒಂದೇ ಕುಟುಂಬ, ನಿಜ. ಆದರೆ ಚಳಿಗೆ ಹೆಪ್ಪುಗಟ್ಟುವ ಮೇಣದ ಭಾಗವನ್ನು ರಿಫೈನರಿಯಲ್ಲೇ ತಣ್ಣಗೆ ಮಾಡಿ ಸೋಸಿ ತೆಗೆಯುತ್ತಾರೆ, ಇಲ್ಲವೇ ಅದರ ರಚನೆಯನ್ನೇ ಬದಲಿಸುತ್ತಾರೆ. ಇದನ್ನು ಎಲ್ಲ ಕಂಪನಿಗಳೂ ಮಾಡುತ್ತವೆ. ಮಾಡದಿದ್ದರೆ ಯಾವ ಬ್ರಾಂಡಿನ ಆಯಿಲ್ ಆದರೂ ಚಳಿಯ ಬೆಳಿಗ್ಗೆ ಡಬ್ಬಿಯಿಂದ ಇಳಿಯುವುದೇ ಇಲ್ಲ.

ಈಗ ನನ್ನ ಪಾಪ ಒಪ್ಪಿಕೊಳ್ಳುತ್ತೇನೆ. ಹೆಲ್ಪರ್ ಆಗಿದ್ದಾಗ ನನ್ನ ಮೇಸ್ತ್ರಿ ಇದೇ ಮೇಣದ ಕಥೆ ಹೇಳಿದ್ದರು. ಬ್ರಾಂಡ್ ಮಾತ್ರ ಬೇರೆ. ನಾನು ಏಳೆಂಟು ವರ್ಷ ಅದನ್ನೇ ಬಂದವರಿಗೆಲ್ಲ ಹೇಳಿದೆ. ಹೇಳುವಾಗ ದನಿ ತಗ್ಗಿಸುತ್ತಿದ್ದೆ, ಗುಟ್ಟು ಬಿಟ್ಟುಕೊಡುವವನ ಹಾಗೆ. ಗಿರಾಕಿಗಳಿಗೆ ಬಹಳ ಇಷ್ಟವಾಗುತ್ತಿತ್ತು.

ಒಂದು ದಿನ ಕಾರೊಂದರ ವಾಲ್ವ್ ಕವರ್ ಬಿಚ್ಚಿದೆ. ಒಳಗೆಲ್ಲ ಕಪ್ಪು ಅಂಟು. ಸ್ಕ್ರೂಡ್ರೈವರ್ ತುದಿಯಲ್ಲಿ ಎತ್ತಿದರೆ ಟಾರಿನ ಹಾಗೆ ಗಟ್ಟಿಯಾಗಿ ನಿಲ್ಲುತ್ತಿತ್ತು. 'ನೋಡಿ, ಮೇಣ' ಎಂದೆ. ಆ ಕಾರಿನವರು ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವರು. ಸುಮ್ಮನೆ ನಕ್ಕು, 'ಒಂದು ಮೇಣದ ಬತ್ತಿ ತರಿಸಿ' ಎಂದರು. ತರಿಸಿದೆ. ಒಂದು ತಗಡಿನ ಮುಚ್ಚಳದ ಒಂದು ಮೂಲೆಯಲ್ಲಿ ಬತ್ತಿಯ ಚೂರು, ಇನ್ನೊಂದು ಮೂಲೆಯಲ್ಲಿ ನನ್ನ 'ಮೇಣ' ಇಟ್ಟರು. ಕುದಿಯುವ ನೀರಿನ ಪಾತ್ರೆಯ ಮೇಲೆ ಮುಚ್ಚಳವನ್ನು ತೇಲಿಬಿಟ್ಟರು. ಬತ್ತಿಯ ಚೂರು ನೋಡನೋಡುತ್ತಲೇ ಕರಗಿ ನೀರಾಯಿತು. ಕಪ್ಪು ಅಂಟು ಇದ್ದಲ್ಲೇ ಇತ್ತು. 'ಎಂಜಿನ್ ಓಡುವಾಗ ಆಯಿಲ್ ಎಷ್ಟು ಬಿಸಿ ಇರುತ್ತದೆ?' ಎಂದು ಕೇಳಿದರು. ನೂರು ಡಿಗ್ರಿ ಆಸುಪಾಸು ಎಂದೆ. ಅವರು ಮತ್ತೇನೂ ಹೇಳಲಿಲ್ಲ. ನನಗೂ ಕೇಳುವುದೇನೂ ಉಳಿದಿರಲಿಲ್ಲ.

ಆ ಕಪ್ಪು ಅಂಟಿಗೆ ಸ್ಲಡ್ಜ್ ಎನ್ನುತ್ತಾರೆ. ಬಿಸಿಗೆ ಗಾಳಿ ಸೇರಿ ಕೆಟ್ಟ ಆಯಿಲ್, ಪಿಸ್ಟನ್ ರಿಂಗ್ ದಾಟಿ ಬಂದ ಅರೆಬೆಂದ ಪೆಟ್ರೋಲ್, ಮಸಿ, ನೀರಿನ ಪಸೆ, ಇವೆಲ್ಲ ಸೇರಿ ಆಗುವಂಥದ್ದು. ಆ ಕಾರಿನವರ ಮನೆಗೂ ಶಾಲೆಗೂ ಎರಡು ಕಿಲೋಮೀಟರ್. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್. ಒಳಗಿನ ನೀರಿನ ಪಸೆ ಹಾರಿಹೋಗಲು ಸಮಯವೇ ಸಿಗುತ್ತಿರಲಿಲ್ಲ. ಸಾಲದ್ದಕ್ಕೆ ಎರಡೂವರೆ ವರ್ಷದಿಂದ ಆಯಿಲ್ ಬದಲಿಸಿರಲಿಲ್ಲ. ಅದನ್ನು ಅವರೇ ತಲೆ ತಗ್ಗಿಸಿ ಒಪ್ಪಿಕೊಂಡರು. ವಿಜ್ಞಾನ ಗೊತ್ತಿದ್ದರೂ ಡ್ರೈನ್ ಪ್ಲಗ್ ಬಿಚ್ಚಲು ಮನಸ್ಸು ಬರಬೇಕಲ್ಲ.

ಇನ್ನೊಂದು ಮಾತು. ಜಾಸ್ತಿ ಮಾರಾಟವಾಗುವ ಬ್ರಾಂಡ್ ಜಾಸ್ತಿ ಎಂಜಿನ್‌ಗಳಲ್ಲಿ ಇರುತ್ತದೆ. ಹಾಗಾಗಿ ಮೆಕ್ಯಾನಿಕ್ ಬಿಚ್ಚುವ ಕೆಟ್ಟ ಎಂಜಿನ್‌ಗಳಲ್ಲೂ ಅದೇ ಜಾಸ್ತಿ ಸಿಗುತ್ತದೆ. ಚೆನ್ನಾಗಿ ಓಡುತ್ತಿರುವ ಎಂಜಿನ್‌ಗಳಲ್ಲೂ ಅದೇ ಇದೆ. ಆದರೆ ಅವು ಗ್ಯಾರೇಜಿಗೆ ಬರುವುದೇ ಇಲ್ಲವಲ್ಲ!

ಅಂದಹಾಗೆ, ಬದ್ಧವೈರಿಗಳಂತಿದ್ದ ಪೆನ್‌ಜಾಯಿಲ್, ಕ್ವೇಕರ್ ಸ್ಟೇಟ್ 1998ರಲ್ಲಿ ಒಂದಾದವು. 2002ರಲ್ಲಿ ಎರಡನ್ನೂ ಸೇರಿಸಿ ಶೆಲ್ ಕಂಪನಿ ಕೊಂಡುಕೊಂಡಿತು. ಶೆಲ್ ಒಳ್ಳೆಯದು, ಪೆನ್‌ಜಾಯಿಲ್ ಕೆಟ್ಟದ್ದು ಎಂದು ವಾದ ಮಾಡುವವರನ್ನು ನಾನು ಈಗಲೂ ನೋಡುತ್ತೇನೆ.

ಪ್ರಶ್ನೆ: ಎಲ್ಲ ಆಯಿಲ್ ಒಂದೇ ನಲ್ಲಿಯಿಂದ ಬರುವುದು, ಸ್ಟಿಕ್ಕರ್ ಮಾತ್ರ ಬೇರೆ ಎನ್ನುತ್ತಾನೆ ನನ್ನ ಭಾವ. ಹಾಗಾದರೆ ದುಬಾರಿ ಡಬ್ಬಿಗೆ ಯಾಕೆ ದುಡ್ಡು ಸುರಿಯಬೇಕು?
– ಭಾವನ ಜೊತೆ ವಾದದಲ್ಲಿರುವವ

ನಿಮ್ಮ ಭಾವನ ಮಾತು ಅರ್ಧ ಸರಿ. ಅರ್ಧ ಸರಿ ಇರುವವರ ಜೊತೆ ವಾದ ಮಾಡುವುದು ಬಹಳ ಕಷ್ಟ.

ಆಯಿಲ್ ಎಂದರೆ ಬೇಸ್ ಆಯಿಲ್ ಮತ್ತು ಅಡಿಟಿವ್. ಡಬ್ಬಿಯಲ್ಲಿ ಸುಮಾರು ಮುಕ್ಕಾಲು ಭಾಗ ಅಥವಾ ಅದಕ್ಕೂ ಹೆಚ್ಚು ಬೇಸ್ ಆಯಿಲ್. ಉಳಿದದ್ದು ಅಡಿಟಿವ್: ಕೊಳೆ ಬಿಡಿಸುವುದು, ಬಿಡಿಸಿದ್ದನ್ನು ತೇಲಿಸಿ ಹಿಡಿಯುವುದು, ಸವೆತ ತಡೆಯುವುದು, ನೊರೆ ತಡೆಯುವುದು. ಈ ಅಡಿಟಿವ್ ಪ್ಯಾಕೇಜ್‌ಗಳನ್ನು ಮಾಡುವ ದೊಡ್ಡ ಕಂಪನಿಗಳು ಜಗತ್ತಿನಲ್ಲಿ ನಾಲ್ಕೇ: ಲುಬ್ರಿಝಾಲ್, ಇನ್ಫಿನಿಯಂ, ಷೆವ್ರಾನ್ ಒರೋನೈಟ್, ಆಫ್ಟನ್. ಇವರ ಹೆಸರು ಯಾವ ಡಬ್ಬಿಯ ಮುಂದೆಯೂ ಕಾಣುವುದಿಲ್ಲ. ಆದರೆ ಡಬ್ಬಿಯ ಒಳಗೆ ಹೆಚ್ಚಾಗಿ ಇರುವುದು ಇವರೇ. ಬೇಸ್ ಆಯಿಲ್ ಕೂಡ ಅಷ್ಟೆ. ಸ್ವಂತ ರಿಫೈನರಿ ಇಲ್ಲದ ಎಷ್ಟೋ ಬ್ರಾಂಡ್‌ಗಳು ಬೇರೆಯವರಿಂದ ಕೊಂಡು ಬೆರೆಸಿ ತುಂಬುತ್ತವೆ. ಗಾಡಿ ಕಂಪನಿಗಳ 'ಜೆನ್ಯೂನ್ ಆಯಿಲ್' ಕೂಡ ಯಾವುದೋ ಆಯಿಲ್ ಕಂಪನಿಯೇ ಮಾಡಿಕೊಟ್ಟದ್ದು. ಗಾಡಿ ಕಂಪನಿ ಎಣ್ಣೆ ಬಾವಿ ಇಟ್ಟುಕೊಂಡಿರುತ್ತದಾ?

ಆದರೆ ನಲ್ಲಿ ಒಂದೇ ಅಲ್ಲ. ಅದೇ ನಾಲ್ವರ ಅಡಿಟಿವ್‌ಗಳಲ್ಲೇ ಹತ್ತಾರು ದರ್ಜೆಗಳಿವೆ. ಯಾವುದನ್ನು ಎಷ್ಟು ಹಾಕಬೇಕು, ಯಾವ ಬೇಸ್ ಆಯಿಲ್‌ಗೆ ಹಾಕಬೇಕು ಎಂಬುದರಲ್ಲಿ ವ್ಯತ್ಯಾಸ ಬರುತ್ತದೆ. ಒಂದೇ ಕಂಪನಿಯ ಎರಡು ಡಬ್ಬಿಗಳ ನಡುವಿನ ವ್ಯತ್ಯಾಸ ಎಷ್ಟೋ ಸಲ ಎರಡು ಕಂಪನಿಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದು.

ಅದಕ್ಕೇ ಡಬ್ಬಿ ತಿರುಗಿಸಿ ಎನ್ನುವುದು. ಹಿಂದೆ ಸಣ್ಣ ಅಕ್ಷರದಲ್ಲಿ ಎರಡು ಸಂಗತಿ ಇರುತ್ತವೆ. ಒಂದು ಎಸ್‌ಎಇ ಗ್ರೇಡ್, ಅಂದರೆ ಆಯಿಲ್ ಎಷ್ಟು ದಪ್ಪ ಎಂದು ಹೇಳುವ 5ಡಬ್ಲ್ಯು-30 ಥರದ್ದು. ಇನ್ನೊಂದು ಎಪಿಐ, ಅಂದರೆ ಅಮೆರಿಕನ್ ಪೆಟ್ರೋಲಿಯಂ ಇನ್ಸ್ಟಿಟ್ಯೂಟ್ ಕೊಡುವ ಗುಣಮಟ್ಟದ ದರ್ಜೆ. ಪೆಟ್ರೋಲ್ ಎಂಜಿನ್‌ಗೆ ಅದು 'ಎಸ್' ಅಕ್ಷರದಿಂದ ಶುರುವಾಗುತ್ತದೆ. 2001ರಲ್ಲಿ ಎಸ್‌ಎಲ್, 2004ರಲ್ಲಿ ಎಸ್‌ಎಂ, 2010ರಲ್ಲಿ ಎಸ್‌ಎನ್, 2020ರಲ್ಲಿ ಎಸ್‌ಪಿ ಬಂತು. ಎರಡನೇ ಅಕ್ಷರ ಮುಂದೆ ಹೋದಷ್ಟೂ ಪರೀಕ್ಷೆ ಕಠಿಣ. ತೀರಾ ಹಳೆಯ ಎಸ್‌ಎ ದರ್ಜೆಯಲ್ಲಿ ಅಡಿಟಿವ್ ಇರುವುದೇ ಇಲ್ಲ. 1930ರ ನಂತರದ ಹೆಚ್ಚಿನ ಪೆಟ್ರೋಲ್ ಎಂಜಿನ್‌ಗಳಿಗೆ ಅದು ಆಗಿಬರುವುದಿಲ್ಲ ಎಂದು ಎಪಿಐ ತನ್ನ ಪಟ್ಟಿಯಲ್ಲೇ ಎಚ್ಚರಿಸಿದೆ. ಹಳೇ ಕಾಲದ 'ಆ ಬ್ರಾಂಡ್ ಕೊಳೆ ಕಟ್ಟಿಸುತ್ತೆ' ಎಂಬ ಎಷ್ಟೋ ಕಥೆಗಳು ಅಂಥ ಬೋಳು ಆಯಿಲ್‌ಗಳ ಕಾಲದವು.

ಇನ್ನೊಂದು ಸೂಕ್ಷ್ಮ ಇದೆ. 'ಎಪಿಐ ಮಟ್ಟಕ್ಕೆ ತಕ್ಕಂತಿದೆ' ಎಂದು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ನಡುವೆ ತೂತಿರುವ ಬಳೆಯಂಥ ದುಂಡು ಗುರುತು ಬೇರೆ. ಅದನ್ನು ಹಾಕಲು ಎಪಿಐ ಲೈಸೆನ್ಸ್ ಬೇಕು. ಲೈಸೆನ್ಸ್ ಪಡೆದ ಆಯಿಲ್‌ಗಳನ್ನು ಎಪಿಐ ಮಾರುಕಟ್ಟೆಯಿಂದಲೇ ತರಿಸಿ ಪರೀಕ್ಷೆ ಮಾಡಿಸುತ್ತದೆ. ನಿಮ್ಮ ಭಾವನಿಗೆ ಆ ಗುರುತು ತೋರಿಸಿ.

ಪ್ರಶ್ನೆ: ಕ್ಯಾಸ್ಟ್ರಾಲ್‌ನಲ್ಲಿ ಹರಳೆಣ್ಣೆ ಇದೆಯಾ? ಬೇರೆ ಆಯಿಲ್ ಜೊತೆ ಸೇರಿಸಿದರೆ ಒಡೆಯುತ್ತೆ ಅಂತ ಅಜ್ಜ ಹೇಳುತ್ತಿದ್ದರು.
– ಮೊಮ್ಮಗಳು

ನಿಮ್ಮ ಅಜ್ಜನಿಗೆ ನಮಸ್ಕಾರ. ಅವರ ಮಾತಿನ ಹಿಂದೆ ನಿಜವಾದ ಚರಿತ್ರೆ ಇದೆ. 1899ರಲ್ಲಿ ಚಾರ್ಲ್ಸ್ ವೇಕ್‌ಫೀಲ್ಡ್ ಎಂಬುವರು ಶುರು ಮಾಡಿದ ಕಂಪನಿ ಅದು. ಹೊಸದಾಗಿ ಬಂದ ವಿಮಾನ, ಕಾರುಗಳ ಎಂಜಿನ್‌ಗೆ ಅವರು ತಯಾರಿಸಿದ ಆಯಿಲ್‌ನಲ್ಲಿ ಹರಳೆಣ್ಣೆ ಸೇರಿಸಿದ್ದರು. ಇಂಗ್ಲಿಷಿನಲ್ಲಿ ಹರಳೆಣ್ಣೆಗೆ ಕ್ಯಾಸ್ಟರ್ ಆಯಿಲ್. ಅದರಿಂದ 1909ರಲ್ಲಿ ಕ್ಯಾಸ್ಟ್ರಾಲ್ ಎಂಬ ಹೆಸರು ಬಂತು. ಹರಳೆಣ್ಣೆ ಲೋಹಕ್ಕೆ ಚೆನ್ನಾಗಿ ಅಂಟಿಕೊಳ್ಳುತ್ತದೆ. ಆದರೆ ಬಿಸಿಗೆ ಬೇಗ ಅಂಟಂಟಾಗುತ್ತದೆ. ಖನಿಜ ಎಣ್ಣೆಯ ಜೊತೆ ಸರಿಯಾಗಿ ಬೆರೆಯುವುದೂ ಇಲ್ಲ. ಅಜ್ಜ ಹೇಳಿದ 'ಒಡೆಯುತ್ತೆ' ಬಹುಶಃ ಅಲ್ಲಿಂದ ಬಂದದ್ದು.

ಇವತ್ತು ಕಾರು, ಬೈಕಿಗೆ ಬರುವ ಡಬ್ಬಿಗಳಲ್ಲಿ ಬೇಸ್ ಆಯಿಲ್ ಖನಿಜದ್ದು ಅಥವಾ ಸಿಂಥೆಟಿಕ್. ಹೆಸರು ಉಳಿಯಿತು, ಹರಳೆಣ್ಣೆ ಹೋಯಿತು. ವಾಲ್ವೋಲಿನ್ ಕಥೆಯೂ ಅಷ್ಟೆ. 1866ರಲ್ಲಿ ಹುಟ್ಟಿದ ಆ ಕಂಪನಿಯ ಹೆಸರಿನಲ್ಲಿರುವ ವಾಲ್ವ್ ಉಗಿ ಎಂಜಿನ್ನಿನದು.

ಈಗ ಬೆರೆಸುವ ವಿಷಯ. ಲೈಸೆನ್ಸ್ ಇರುವ ಆಯಿಲ್ ಬೇರೆ ಆಯಿಲ್‌ಗಳ ಜೊತೆ ಬೆರೆಯಲೇಬೇಕು, ಬೇರ್ಪಡಬಾರದು ಎಂದು ಪರೀಕ್ಷೆಯೇ ಇದೆ. ದಾರಿಯಲ್ಲಿ ಆಯಿಲ್ ಕಡಿಮೆಯಾಗಿದೆ, ನಿಮ್ಮ ಬ್ರಾಂಡ್ ಸಿಗುತ್ತಿಲ್ಲ ಎಂದಾದರೆ ಅದೇ ಗ್ರೇಡಿನ, ಅದೇ ದರ್ಜೆಯ ಯಾವುದನ್ನಾದರೂ ಟಾಪ್ ಅಪ್ ಮಾಡಿ. ಬ್ರಾಂಡ್ ಕೆಡುತ್ತದೆ ಎಂದು ಆಯಿಲ್ ಇಲ್ಲದೆ ಓಡಿಸಿ ಎಂಜಿನ್ ಸೀಜ್ ಮಾಡಿಕೊಂಡವರನ್ನು ನಾನು ನೋಡಿದ್ದೇನೆ. ಬೆರೆಸಿದ್ದಕ್ಕೆ ಸೀಜ್ ಆದದ್ದನ್ನು ಇದುವರೆಗೂ ಕಂಡಿಲ್ಲ.

ಪ್ರಶ್ನೆ: ನಾನು 'ಫುಲ್ ಸಿಂಥೆಟಿಕ್' ಕೊಂಡೆ. ಅದು ನಕಲಿ ಸಿಂಥೆಟಿಕ್, ನೆಲದಿಂದ ತೆಗೆದ ಎಣ್ಣೆಯೇ, ಕೋರ್ಟಿನಲ್ಲಿ ಕೇಸ್ ಗೆದ್ದು ಹಾಗೆ ಬರೆದುಕೊಳ್ಳುತ್ತಾರೆ ಎಂದು ಸ್ನೇಹಿತ ಹೇಳಿದ. ಮೋಸ ಹೋದೆನಾ?
– ಡಬ್ಬಿ ಹಿಡಿದು ಕೂತವ

ಇಲ್ಲ. ಆದರೆ ಕಥೆ ಚೆನ್ನಾಗಿದೆ, ಕೇಳಿ.

ಮೊದಲೆಲ್ಲ ಸಿಂಥೆಟಿಕ್ ಎಂದರೆ ಸಣ್ಣ ಅಣುಗಳನ್ನು ಜೋಡಿಸಿ ಕಟ್ಟಿದ ಎಣ್ಣೆ ಎಂದೇ ಅರ್ಥ. ಪಿಎಒ ಎಂದು ಕರೆಯುತ್ತಾರೆ. ಮೊಬಿಲ್ 1 ಬೆಳೆದದ್ದು ಅದರ ಮೇಲೆ. ಆಮೇಲೆ ಕಚ್ಚಾ ಎಣ್ಣೆಯನ್ನೇ ಹೆಚ್ಚು ಒತ್ತಡ, ಶಾಖ, ಹೈಡ್ರೋಜನ್ ಕೊಟ್ಟು ಒಡೆದು, ಅಣುಗಳ ರೂಪವನ್ನೇ ಬದಲಿಸುವ ವಿಧಾನ ಬಂತು. ಅದಕ್ಕೆ ಗ್ರೂಪ್ 3 ಎನ್ನುತ್ತಾರೆ. ಕ್ಯಾಸ್ಟ್ರಾಲ್ ತನ್ನ ಸಿಂಟೆಕ್ ಆಯಿಲ್‌ನಲ್ಲಿ ಅದನ್ನು ಬಳಸಿಯೂ ಸಿಂಥೆಟಿಕ್ ಎಂದೇ ಮಾರಿತು. ಮೊಬಿಲ್ ತಕರಾರು ತೆಗೆಯಿತು. ತಕರಾರು ಹೋದದ್ದು ಕೋರ್ಟಿಗಲ್ಲ. ಅಮೆರಿಕದಲ್ಲಿ ಜಾಹೀರಾತುಗಳ ದೂರು ಕೇಳುವ ನ್ಯಾಷನಲ್ ಅಡ್ವರ್ಟೈಸಿಂಗ್ ಡಿವಿಷನ್ ಎಂಬುದೊಂದಿದೆ, ಉದ್ಯಮದವರೇ ಕಟ್ಟಿಕೊಂಡದ್ದು. 1999ರಲ್ಲಿ ಅದು ಕ್ಯಾಸ್ಟ್ರಾಲ್ ಪರ ತೀರ್ಪು ಕೊಟ್ಟಿತು. ಅಲ್ಲಿಂದ ಗ್ರೂಪ್ 3 ಹಾಕಿ ಸಿಂಥೆಟಿಕ್ ಎಂದು ಬರೆಯುವುದು ಎಲ್ಲರ ರೂಢಿಯಾಯಿತು.

ಹೆಸರನ್ನು ಸ್ವಲ್ಪ ಎಳೆದು ಹಿಗ್ಗಿಸಿದರು ಎಂದೇ ನನಗೂ ಅನಿಸುತ್ತದೆ. ಆದರೆ ಎಣ್ಣೆ ಚೆನ್ನಾಗಿದೆ. ಒಳ್ಳೆ ಗ್ರೂಪ್ 3 ಆಯಿಲ್ ಪಿಎಒಗೆ ಬಹಳ ಹತ್ತಿರ ಬರುತ್ತದೆ. ಪಿಎಒ ಗೆಲ್ಲುವುದು ಮುಖ್ಯವಾಗಿ ಕಡು ಚಳಿಯಲ್ಲಿ. ನಿಮ್ಮ ಡಬ್ಬಿಯ ಹಿಂದೆ ಗಾಡಿಯ ಪುಸ್ತಕ ಕೇಳಿದ ಗ್ರೇಡು, ದರ್ಜೆ ಇದೆಯಾ? ಇದ್ದರೆ ಕೂತದ್ದು ಸಾಕು, ಎದ್ದು ಹಾಕಿ.

'ಹಳೇ ಗಾಡಿಗೆ ಸಿಂಥೆಟಿಕ್ ಹಾಕಿದರೆ ಸೋರುತ್ತೆ' ಎಂದೂ ಕೇಳಿದ್ದೀರಿ. ಬರೀ ಪಿಎಒ ರಬ್ಬರ್ ಸೀಲ್‌ಗಳನ್ನು ಸ್ವಲ್ಪ ಕುಗ್ಗಿಸುತ್ತದೆ. ಮೊದಮೊದಲ ಸಿಂಥೆಟಿಕ್‌ಗಳಲ್ಲಿ ಆ ತೊಂದರೆ ಇತ್ತು. ಆಮೇಲೆ ಸೀಲನ್ನು ಮೆತ್ತಗಿಡುವ ಎಸ್ಟರ್ ಸೇರಿಸಿ ಸರಿ ಮಾಡಿದರು. ಈಗ ಸೋರಿದರೆ ಸೀಲ್ ಮೊದಲೇ ಹೋಗಿತ್ತು, ಕೊಳೆ ಅದನ್ನು ಮುಚ್ಚಿಟ್ಟಿತ್ತು ಎಂದರ್ಥ.

ಪ್ರಶ್ನೆ: ಹೊಸ ಬ್ರಾಂಡ್ ಹಾಕಿದ ವಾರಕ್ಕೇ ಆಯಿಲ್ ಕಪ್ಪಾಯಿತು. ಕಳಪೆ ಅಲ್ವಾ?
– ಡೀಸೆಲ್ ಗಾಡಿಯವ

ಅಲ್ಲ. ಮಸಿಯನ್ನು ಬಿಡಿಸಿ ತನ್ನೊಳಗೆ ತೇಲಿಸಿ ಇಟ್ಟುಕೊಳ್ಳುವುದೇ ಅದರ ಕೆಲಸ. ಡೀಸೆಲ್‌ನಲ್ಲಿ ವಾರ ಯಾಕೆ, ಒಂದೇ ದಿನದಲ್ಲಿ ಕಪ್ಪಾದರೂ ಗಾಬರಿ ಬೇಡ. ಸಾವಿರಾರು ಕಿಲೋಮೀಟರ್ ಓಡಿದ ಮೇಲೂ ಹೊಳೆಯುವ ಬಂಗಾರದ ಬಣ್ಣದಲ್ಲೇ ಇದ್ದರೆ ಕೊಳೆ ಎಲ್ಲಿ ಹೋಯಿತು ಎಂದು ನಾನು ಯೋಚಿಸುತ್ತೇನೆ. ಹೆದರಬೇಕಾದ ಬಣ್ಣ ಬೇರೆ. ಆಯಿಲ್ ಬೆಳ್ಳಗೆ ನೊರೆಯಾಗಿ ಕೆನೆಯಂತಾಗಿದ್ದರೆ ನೀರೋ ಕೂಲಂಟೋ ಸೇರಿದೆ. ಹಾಗಿದ್ದರೆ ಗಾಡಿ ನಿಲ್ಲಿಸಿ.

ಬೆರಳಲ್ಲಿ ಉಜ್ಜಿ, ಮೂಸಿ 'ಜೀವ ಹೋಗಿದೆ' ಎನ್ನುವ ಮೇಸ್ತ್ರಿಗಳ ಕೈಕೆಳಗೆ ನಾನು ಕಲಿತವನು. ಅವರ ಮೇಲೆ ಗೌರವವಿದೆ, ಅವರ ಮೂಗಿನ ಮೇಲಿಲ್ಲ.

ಪ್ರಶ್ನೆ: ಒಂದು ವಿಡಿಯೋದಲ್ಲಿ ತಿರುಗುವ ಚಕ್ರಕ್ಕೆ ಉಕ್ಕಿನ ತುಂಡು ಒತ್ತಿ ಹಿಡಿದು ಬೇರೆ ಬೇರೆ ಬ್ರಾಂಡ್ ಪರೀಕ್ಷೆ ಮಾಡಿದರು. ದೊಡ್ಡ ದೊಡ್ಡ ಹೆಸರುಗಳೆಲ್ಲ ಕಿರ್ರ್ ಎಂದು ಸೋತವು. ಅವರು ಮಾರುವ ಒಂದು ಬಾಟಲಿ ಹನಿ ಹಾಕಿದ ತಕ್ಷಣ ಚಕ್ರ ಸಲೀಸಾಗಿ ತಿರುಗಿತು. ಕಣ್ಣಾರೆ ನೋಡಿದ್ದು ಸರ್!
– ಬಾಟಲಿ ಕೊಳ್ಳಲು ಹೊರಟವಳು

ತಡೆಯಿರಿ ತಾಯಿ, ಹೊರಡಬೇಡಿ.

ಆ ಯಂತ್ರದ ಮೂಲ ಟಿಮ್ಕೆನ್ ಪರೀಕ್ಷೆ. ವಿಪರೀತ ಒತ್ತಡ ತಡೆಯಬೇಕಾದ ಗ್ರೀಸ್, ಗೇರ್ ಆಯಿಲ್‌ಗಳಿಗೆ ಎಂದು ಹುಟ್ಟಿದ್ದು. ಎಂಜಿನ್ ಒಳಗೆ ಹಾಗೆ ನಡೆಯುವುದಿಲ್ಲ. ಎಂಜಿನ್ ತಿರುಗುತ್ತಿರುವಾಗ ಕ್ರ್ಯಾಂಕ್ ಶಾಫ್ಟ್ ಬೇರಿಂಗ್‌ಗೆ ತಾಗುವುದೇ ಇಲ್ಲ. ಆಯಿಲ್‌ನ ತೆಳು ಪದರದ ಮೇಲೆ ತೇಲುತ್ತಿರುತ್ತದೆ. ನೀರು ನಿಂತ ರಸ್ತೆಯಲ್ಲಿ ಟೈರು ತೇಲಿ ಹಿಡಿತ ತಪ್ಪುತ್ತದಲ್ಲ, ಹೆಚ್ಚು ಕಡಿಮೆ ಹಾಗೆ. ವಾಲ್ವ್ ತೆರೆಯುವ ಕ್ಯಾಮ್ ಥರದ ಕೆಲವು ಕಡೆ ಮಾತ್ರ ಲೋಹಕ್ಕೆ ಲೋಹ ಉಜ್ಜುವ ಸಂದರ್ಭ ಬರುತ್ತದೆ. ಅದಕ್ಕೆಂದೇ ಸತು, ರಂಜಕ ಇರುವ ಜಿಂಕ್ ಅಡಿಟಿವ್ 1940ರ ದಶಕದಿಂದ ಆಯಿಲ್‌ನಲ್ಲಿದೆ.

ಹನಿ ಹಾಕಿದ ಬಾಟಲಿ ಗೆಲ್ಲುವುದು ಹೇಗೆ? ಕ್ಲೋರಿನ್ ಸೇರಿದ ಪದಾರ್ಥ ಇದ್ದರೆ ಆ ಯಂತ್ರದಲ್ಲಿ ಸುಲಭವಾಗಿ ಗೆಲ್ಲಬಹುದು. ಉಜ್ಜಿ ಬಿಸಿಯಾದ ಲೋಹದ ಮೇಲೆ ಅದು ಕೂಡಲೇ ಒಂದು ಪದರ ಕಟ್ಟುತ್ತದೆ. ಅದೇ ಕ್ಲೋರಿನ್ ಎಂಜಿನ್‌ನ ಬಿಸಿ, ನೀರಿನ ಪಸೆಗೆ ಸಿಕ್ಕರೆ ಆಮ್ಲವಾಗಿ ಬೇರಿಂಗ್ ತಿನ್ನಬಹುದು. ಯಂತ್ರದ ಮುಂದೆ ಐದು ನಿಮಿಷ ಗೆದ್ದದ್ದು ಎಂಜಿನ್‌ನಲ್ಲಿ ಐದು ವರ್ಷ ಏನು ಮಾಡುತ್ತದೆ ಎಂದು ವಿಡಿಯೋ ತೋರಿಸುವುದಿಲ್ಲ.

ಎಪಿಐ ದರ್ಜೆಗೆ ನಿಜವಾದ ಎಂಜಿನ್‌ಗಳನ್ನೇ ಓಡಿಸುತ್ತಾರೆ. ಸ್ಲಡ್ಜ್ ಎಷ್ಟು ಕಟ್ಟುತ್ತದೆ ಎಂದು ನೋಡುವ ಪರೀಕ್ಷೆಯೊಂದಿದೆ, ಸೀಕ್ವೆನ್ಸ್ ವಿಎಚ್ ಎಂದು. ವಿ8 ಎಂಜಿನ್ 216 ಗಂಟೆ ಓಡುತ್ತದೆ. ಆಮೇಲೆ ಬಿಚ್ಚಿ ಒಂದೊಂದು ಭಾಗಕ್ಕೂ ಅಂಕ ಕೊಡುತ್ತಾರೆ. ಇದನ್ನು ವಿಡಿಯೋ ಮಾಡಿದರೆ ಯಾರೂ ನೋಡುವುದಿಲ್ಲ, ಅದೇ ಕಷ್ಟ.

ಮೇಲಿಂದ ಸುರಿಯುವ ಬಾಟಲಿಗಳಿಗೆ ಹಳೇ ಚರಿತ್ರೆಯೇ ಇದೆ. ಸ್ಲಿಕ್ 50 ಎಂಬುದು ಒಂದು ಕಾಲದಲ್ಲಿ ಮನೆಮಾತು. ಎಂಜಿನ್ ಸ್ಟಾರ್ಟ್ ಮಾಡುವಾಗ ಬರೀ ಆಯಿಲ್ ಸಾಲದು, ಸವೆತವನ್ನು ನಾವು ತಡೆಯುತ್ತೇವೆ ಎಂದು ಅವರು ಜಾಹೀರಾತು ಕೊಡುತ್ತಿದ್ದರು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1996ರಲ್ಲಿ 'ಈ ಮಾತುಗಳಿಗೆ ಆಧಾರ ಎಲ್ಲಿ?' ಎಂದು ಕೇಳಿತು. 1997ರಲ್ಲಿ ರಾಜಿಯಾಯಿತು. ಆಧಾರವಿಲ್ಲದೆ ಅಂಥ ಮಾತು ಮತ್ತೆ ಆಡುವುದಿಲ್ಲ ಎಂದು ಅವರು ಒಪ್ಪಬೇಕಾಯಿತು.

ಪ್ರಶ್ನೆ: ಕಾರಿನ ಆಯಿಲ್ ಒಂದು ಲೀಟರ್ ಉಳಿದಿದೆ, ಒಳ್ಳೆ ಬ್ರಾಂಡ್. ಬೈಕಿಗೆ ಹಾಕಲಾ?
– ಉಳಿತಾಯದವ

ಬೇಡ! ನಾನು ಹಾಕಿ ಅನುಭವಿಸಿದವನು. ಗ್ಯಾರೇಜಿನಲ್ಲಿ ಉಳಿದಿದ್ದ ಆಯಿಲ್, ಹೆಸರಾಂತ ಬ್ರಾಂಡ್, ದುಬಾರಿ. ನನ್ನ ಬೈಕಿಗೆ ಸುರಿದೆ. ಎರಡನೇ ದಿನ ಏರು ರಸ್ತೆಯಲ್ಲಿ ಆಕ್ಸಿಲರೇಟರ್ ತಿರುವಿದರೆ ಎಂಜಿನ್ ಕಿರುಚುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಹಿಂದಿನಿಂದ ಸೈಕಲ್ಲಿನವನೊಬ್ಬ ಬಂದು, ನನ್ನನ್ನು ದಾಟಿ, ತಿರುಗಿ ನೋಡಿಕೊಂಡು ಹೋದ. ಕ್ಲಚ್ ಪ್ಲೇಟ್ ಬದಲಿಸಿದೆ. ಒಂದು ತಿಂಗಳು ಆ ಬ್ರಾಂಡನ್ನು ಬೈದುಕೊಂಡು ತಿರುಗಿದೆ. ನನ್ನ ಮಾತು ಕೇಳಿ ಎಷ್ಟು ಜನ ಅದನ್ನು ಬಿಟ್ಟರೋ!

ತಪ್ಪು ಬ್ರಾಂಡಿನದಲ್ಲ. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಆಯಿಲ್‌ನಲ್ಲೇ ಮುಳುಗಿರುತ್ತದೆ. ಕಾರಿನ ತೆಳು ಆಯಿಲ್‌ಗಳಲ್ಲಿ ಮೈಲೇಜ್‌ಗೆಂದು ಜಾರಿಕೆ ಹೆಚ್ಚಿಸುವ ಪದಾರ್ಥ ಹಾಕಿರುತ್ತಾರೆ. ಕ್ಲಚ್ ಹಿಡಿಯಬೇಕಾದ ಕಡೆ ಅದು ಜಾರಿಸುತ್ತದೆ. ಬೈಕಿನ ಡಬ್ಬಿಯ ಹಿಂದೆ ಜಾಸೋ (ಇದು ಜಪಾನಿನ ದರ್ಜೆ) ಎಂಎ ಅಥವಾ ಎಂಎ2 ಎಂದಿರಬೇಕು. ಎಂಬಿ ಎಂದಿದ್ದರೆ ಅದು ಒಣ ಕ್ಲಚ್ಚಿನ ಸ್ಕೂಟರ್‌ಗಳಿಗೆ. ಉಳಿದ ಲೀಟರನ್ನು ಮುಚ್ಚಳ ಬಿಗಿ ಮಾಡಿ ಇಡಿ, ಕಾರಿಗೇ ಟಾಪ್ ಅಪ್‌ಗೆ ಬರುತ್ತದೆ.

ಪ್ರಶ್ನೆ: 0ಡಬ್ಲ್ಯು ಆಯಿಲ್ ನೀರಿನ ಹಾಗಿದೆ. ದಪ್ಪ ಆಯಿಲ್ ಕೊಡುವ ಕಂಪನಿಯೇ ವಾಸಿ ಅಲ್ವಾ?
– ಹಳಬ

ದಪ್ಪ, ತೆಳುವು ಗ್ರೇಡಿನ ಗುಣ. ಕಂಪನಿಯ ಗುಣ ಅಲ್ಲ. 'ಡಬ್ಲ್ಯು' ಎಂದರೆ ತೂಕ ಎಂದುಕೊಂಡವರು ಬಹಳ ಜನ. ಅದು ವಿಂಟರ್, ಚಳಿಗಾಲ. ಅದಕ್ಕೆ ಮೊದಲು ಬರುವ ಅಂಕೆ ಚಳಿಯಲ್ಲಿ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಹೇಳುತ್ತದೆ. ಕೊನೆಯ ಅಂಕೆ 100 ಡಿಗ್ರಿಯಲ್ಲಿ ಎಷ್ಟು ದಪ್ಪ ಎಂದು. ಈಗ ಒಂದು ತಮಾಷೆ ನೋಡಿ. ಬಿಸಿ ಎಂಜಿನ್‌ನಲ್ಲಿ 0ಡಬ್ಲ್ಯು-40 ಆಯಿಲ್ 10ಡಬ್ಲ್ಯು-30ಕ್ಕಿಂತ ದಪ್ಪ. 'ನೀರು' ಎಂದು ನೀವು ಬೈದದ್ದೇ ದಪ್ಪ!

ಬೇರಿಂಗ್‌ಗಳ ನಡುವಿನ ಜಾಗ, ಆಯಿಲ್ ಪಂಪಿನ ಶಕ್ತಿ ಎಲ್ಲ ನೋಡಿಯೇ ಎಂಜಿನ್ ಮಾಡಿದವರು ಗ್ರೇಡ್ ಹೇಳಿರುತ್ತಾರೆ. ಪುಸ್ತಕದಲ್ಲಿ ಎರಡು ಮೂರು ಗ್ರೇಡ್ ಕೊಟ್ಟಿದ್ದರೆ ಅದರೊಳಗೆ ಆರಿಸಿಕೊಳ್ಳಿ. ಅದರಾಚೆ ಹೋಗಬೇಡಿ.

ಪ್ರಶ್ನೆ: ಎರಡು ವರ್ಷದಿಂದ ಹಾಕುತ್ತಿದ್ದ ಬ್ರಾಂಡ್ ಈ ಸಲ ಬೇರೆ ಥರ ಇದೆ. ಎಂಜಿನ್ ಸದ್ದೂ ಬದಲಾಗಿದೆ. ಕಂಪನಿ ಕ್ವಾಲಿಟಿ ಇಳಿಸಿತಾ?
– ಸಂಶಯದವಳು

ಕಂಪನಿಗಿಂತ ಮೊದಲು ಡಬ್ಬಿಯನ್ನೇ ಅನುಮಾನಿಸಿ. ಹೆಸರಿರುವ ಬ್ರಾಂಡನ್ನೇ ನಕಲಿ ಮಾಡುತ್ತಾರೆ, ಹೆಸರಿಲ್ಲದ್ದನ್ನು ಯಾರು ಮಾಡುತ್ತಾರೆ? ಮುಚ್ಚಳದ ಕೆಳಗಿನ ಬಳೆ ತುಂಡಾಗಿದೆಯಾ, ಒಳಗಿನ ಸೀಲ್ ಅಂಟಿಸಿದ ಹಾಗಿದೆಯಾ, ಬ್ಯಾಚ್ ನಂಬರ್ ಉಜ್ಜಿದರೆ ಅಳಿಸುತ್ತದಾ ನೋಡಿ. ಬಿಲ್ ಕೊಡಲು ತಡವರಿಸುವ ಅಂಗಡಿ ಬಿಡಿ.

ನಕಲಿಗೆ ಬೇಕಾದ ಮುಖ್ಯ ಸಾಮಾನು ಅಸಲಿ ಖಾಲಿ ಡಬ್ಬಿ. ಅದನ್ನು ಒದಗಿಸುವವರು ನಾವೇ. ನನ್ನ ಗ್ಯಾರೇಜಿನಲ್ಲಿ ಒಂದು ಹಳೇ ಸ್ಕ್ರೂಡ್ರೈವರ್ ಇತ್ತು, ತುದಿ ಮುರಿದದ್ದು. ಆಯಿಲ್ ಸುರಿದಾದ ಮೇಲೆ ಗಿರಾಕಿಯ ಎದುರೇ ಡಬ್ಬಿಯ ತಳಕ್ಕೆ ಎರಡು ತೂತು. ಖಾಲಿ ಡಬ್ಬಿ ಕೊಳ್ಳಲು ಬರುತ್ತಿದ್ದವನೊಬ್ಬ 'ತೂತು ಮಾಡದಿದ್ದರೆ ಜಾಸ್ತಿ ಕೊಡ್ತೀನಿ' ಎಂದ. ಯಾಕೆ ಎಂದು ಕೇಳಿದೆ. ಸುಮ್ನೆ ನಕ್ಕ.

ಪ್ರಶ್ನೆ: ಇಷ್ಟೆಲ್ಲ ಆಯಿತು. ಅಡ್ಡಗೋಡೆ ಮೇಲೆ ದೀಪ ಇಡಬೇಡಿ. ಯಾವ ಬ್ರಾಂಡ್ ಬೆಸ್ಟ್? ನೀವು ಯಾವುದು ಹಾಕುತ್ತೀರಿ?
– ಒಂದೇ ಉತ್ತರ ಬೇಕಾದವ

ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆಯವರು 1996ರಲ್ಲಿ ಇದನ್ನೇ ಕೇಳಿಕೊಂಡು ನ್ಯೂಯಾರ್ಕಿನ 75 ಟ್ಯಾಕ್ಸಿಗಳನ್ನು ಹಿಡಿದರು. ಬಿಚ್ಚಿ ಹೊಸದರಂತೆ ಕಟ್ಟಿದ ಎಂಜಿನ್‌ಗಳು. ಬೇರೆ ಬೇರೆ ಬ್ರಾಂಡಿನ ಆಯಿಲ್ ಹಾಕಿ ಒಂದೊಂದನ್ನೂ 60,000 ಮೈಲಿ, ಅಂದರೆ 96,000 ಕಿಲೋಮೀಟರಿಗೂ ಜಾಸ್ತಿ ಓಡಿಸಿದರು. ಆಮೇಲೆ ಬಿಚ್ಚಿ ಸವೆತ ಅಳೆದರು. ಬ್ರಾಂಡಿನಿಂದ ಬ್ರಾಂಡಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಟ್ಯಾಕ್ಸಿ ಇಡೀ ದಿನ ಬಿಸಿಯಲ್ಲೇ ಓಡುತ್ತದೆ, ತಣ್ಣಗೆ ಸ್ಟಾರ್ಟ್ ಆಗುವುದು ಅಪರೂಪ. ಹಾಗಾಗಿ ಮನೆಯಿಂದ ಎರಡು ಕಿಲೋಮೀಟರ್ ಓಡಿ ನಿಲ್ಲುವ ಕಾರಿಗೆ ಇದನ್ನು ಹಾಗೆಯೇ ಅನ್ವಯಿಸಲು ಬರುವುದಿಲ್ಲ. ಆದರೂ ನಾನು ಇಷ್ಟು ವರ್ಷ ಕೇಳಿದ, ಹೇಳಿದ ಕಥೆಗಳಿಗಿಂತ ಆ 75 ಟ್ಯಾಕ್ಸಿಗಳ ಮಾತು ನನಗೆ ತೂಕದ್ದು.

ನಾನು ಹಾಕುವುದು ಹೇಳುತ್ತೇನೆ. ಕಾರಿಗೆ 5ಡಬ್ಲ್ಯು-30, ಎಸ್‌ಪಿ, ದುಂಡು ಗುರುತು ಇರುವುದು. ಹೋದ ಸಲದ್ದು ಒಂದು ಬ್ರಾಂಡ್, ಅದಕ್ಕೆ ಮುಂಚಿನದು ಬೇರೆ. ಯಾವುದೆಂದು ನೆನಪಿಲ್ಲ, ಡಬ್ಬಿಗೆ ತೂತು ಮಾಡಿ ಎಸೆದಾಯಿತು. ನೆನಪಿರುವುದು ಬದಲಿಸಿದ ದಿನ ಮತ್ತು ಕಿಲೋಮೀಟರ್. ಬಾನೆಟ್ ಒಳಗೆ ಪಟ್ಟಿ ಅಂಟಿಸಿ ಬರೆದಿದ್ದೇನೆ.

ಈಗ ನಿಮ್ಮ ಸರದಿ. ಪತ್ರದ ಕೊನೆಗೆ 'ನಾನು ಅತಿ ದುಬಾರಿ ಆಯಿಲ್ ಹಾಕಿಸುತ್ತೇನೆ, ಡಿಪ್‌ಸ್ಟಿಕ್ ಎಲ್ಲಿದೆ ಎಂದು ಮಾತ್ರ ಗೊತ್ತಿಲ್ಲ' ಎಂದು ಬರೆದಿದ್ದೀರಿ. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ. ಬಾನೆಟ್ ಎತ್ತಿದರೆ ಹಳದಿ ಅಥವಾ ಕೇಸರಿ ಬಣ್ಣದ ಉಂಗುರವೊಂದು ಕಾಣುತ್ತದೆ. ಅದನ್ನು ಎಳೆದು ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆಯಿರಿ. ಎರಡು ಗುರುತುಗಳ ನಡುವೆ ಆಯಿಲ್ ಎಲ್ಲಿಯವರೆಗೆ ಬಂದಿದೆ ನೋಡಿ, ಬರೆದು ಕಳಿಸಿ.